ಚೆಸ್ಟ್‌ನಟ್ ಹುರಿಯುವುದು ಹೇಗೆ?

ಚೆಸ್ಟ್‌ನಟ್ ಎಂದರೆ ಚಳಿ ನಾಡುಗಳ ಮರವೊಂದರ ಕಂದು ಸಿಪ್ಪೆಯ ಕಾಯಿ. ಬಾದಾಮಿ ಹುರಿದಂತೆ ಚೆಸ್ಟ್‌ನಟ್ ಹುರಿಯಲು ಹೋದರೆ ಕೆಟ್ಟಿತೆಂದೇ ಲೆಕ್ಕ. ಬಾದಾಮಿಯಲ್ಲಿ ಎಣ್ಣೆ ಹೆಚ್ಚು. ಇದರಲ್ಲಿ ಎಣ್ಣೆ ತೀರಾ ಕಡಿಮೆ. ಹಸಿ ಕಾಯಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ, ಉಳಿದದ್ದು ಬಹುಪಾಲು ಪಿಷ್ಟ. ಆ ನೀರು ಆರದಂತೆ ನೋಡಿಕೊಂಡರೆ ತಿರುಳು ಮೆತ್ತಗೆ, ಸಿಹಿಯಾಗಿ ಬೇಯುತ್ತದೆ.

ಮೊದಲು ಆಯ್ಕೆ. ಕಾಯಿ ಹೊಳಪಾಗಿರಲಿ, ಗಾತ್ರಕ್ಕೆ ತಕ್ಕ ಭಾರವಿರಲಿ. ಒತ್ತಿದಾಗ ಸಿಪ್ಪೆ ಒಳಕ್ಕೆ ಕುಸಿದರೆ ಒಣಗಿದೆ ಎಂದರ್ಥ. ಸಣ್ಣ ತೂತಿದ್ದರೆ ಹುಳು ಹಿಡಿದಿದೆ.

ಮರದಡಿ ಹೆಕ್ಕುವವರು ಒಂದು ವಿಷಯದಲ್ಲಿ ಬಹಳ ಎಚ್ಚರ ವಹಿಸಬೇಕು. ಹಾರ್ಸ್ ಚೆಸ್ಟ್‌ನಟ್ ಎಂಬ ಬೇರೆ ಮರದ ಕಾಯಿ ನೋಡಲು ಹೀಗೇ ಇರುತ್ತದೆ, ಆದರೆ ವಿಷ. ಹುರಿದರೂ ತಿನ್ನುವಂತಿಲ್ಲ. ತಿನ್ನುವ ಕಾಯಿಯ ತುದಿ ಚೂಪು, ಅಲ್ಲೊಂದು ಪುಟ್ಟ ಕುಚ್ಚು. ಅದರ ಕವಚದ ತುಂಬ ಸೂಜಿಯಂಥ ದಟ್ಟ ಮುಳ್ಳು. ಹಾರ್ಸ್ ಚೆಸ್ಟ್‌ನಟ್‌ಗೆ ಚೂಪು ತುದಿಯಿಲ್ಲ, ಕವಚದ ಮೇಲೆ ಮುಳ್ಳು ಅಲ್ಲೊಂದು ಇಲ್ಲೊಂದು. ಅನುಮಾನ ಬಂದರೆ ಮುಟ್ಟಬೇಡಿ.

ಇನ್ನು ಸೀಳುವುದು. ಚಪ್ಪಟೆ ಬದಿ ಕೆಳಗಿಟ್ಟು, ಉಬ್ಬಿದ ಬದಿಯಲ್ಲಿ ಹಲ್ಲಿರುವ ಚಾಕುವಿನಿಂದ ಅಡ್ಡಕ್ಕೆ ಒಂದು ಉದ್ದ ಸೀಳು ಹಾಕಿ. ಹೊರಸಿಪ್ಪೆಯ ಜೊತೆಗೆ ಒಳಪೊರೆಯೂ ಕತ್ತರಿಸಬೇಕು. ಒಂದು ಕಾಯಿಯನ್ನೂ ಬಿಡಬೇಡಿ: ಆವಿಗೆ ದಾರಿ ಸಿಗದಿದ್ದರೆ ಅದು ಸಿಡಿಯುತ್ತದೆ. ಸೀಳಿದ್ದನ್ನು ಕಾಲು ಗಂಟೆ ನೀರಲ್ಲಿ ನೆನೆಸಿದರೆ ಇನ್ನೂ ಒಳ್ಳೆಯದು.

ಓವನ್‌ನಲ್ಲಾದರೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ. ಇಲ್ಲದಿದ್ದರೆ ದಪ್ಪ ತಳದ ಬಾಣಲೆಗೆ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ಕುಲುಕುತ್ತಾ ಹುರಿಯಿರಿ. ಸೀಳಿನ ಅಂಚು ಹೊರಕ್ಕೆ ಮಡಚಿ ಹಳದಿ ತಿರುಳು ಇಣುಕಿದರೆ ಆಯಿತು. ಚೀನಾದ ಬೀದಿಗಳಲ್ಲಿ ಇದನ್ನು ಸಕ್ಕರೆ ಬೆರೆಸಿದ ಬಿಸಿ ಮರಳಲ್ಲಿ ಹುರಿಯುತ್ತಾರೆ. ಕಾವು ಎಲ್ಲ ಕಡೆ ಸಮನಾಗಿ ತಾಗಲು ಅದಕ್ಕಿಂತ ಜಾಣ ಉಪಾಯ ಇಲ್ಲ ಎನ್ನಬೇಕು.

ಇಳಿಸಿದ ಕೂಡಲೇ ದಪ್ಪ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಒಳಗಿನ ಆವಿಯೇ ಒಳಪೊರೆಯನ್ನು ಸಡಿಲಿಸುತ್ತದೆ. ಬಿಸಿ ಇರುವಾಗಲೇ, ಒಂದೊಂದನ್ನೇ ಹೊರತೆಗೆದು ಸುಲಿಯಿರಿ. ತಣ್ಣಗಾದರೆ ಪೊರೆ ತಿರುಳಿಗೆ ಅಂಟಿಬಿಡುತ್ತದೆ, ಜೊತೆಗೆ ಅದು ಬಲು ಒಗರು.

ಹಸಿ ಕಾಯಿ ಹೊರಗಿಟ್ಟರೆ ಬೇಗ ಒಣಗುತ್ತದೆ ಇಲ್ಲವೇ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಗೋಧಿ ಅಷ್ಟಾಗಿ ಬೆಳೆಯದ, ಫ್ರಾನ್ಸಿನ ಕೊರ್ಸಿಕಾ ದ್ವೀಪದ ಬೆಟ್ಟಗಳಲ್ಲಿ ಜನ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ, ಬೀಸಿ, ಆ ಹಿಟ್ಟಿನಿಂದಲೇ ಚಳಿಗಾಲ ಕಳೆಯುತ್ತಿದ್ದರು. ನಿಮಗೆ ಫ್ರಿಜ್ ಸಾಕು. ಹುರಿದು ಸುಲಿದದ್ದು ಮಿಕ್ಕರೆ ಫ್ರೀಜರ್‌ನಲ್ಲಿಡಿ, ಸೂಪಿಗೆ ಬರುತ್ತದೆ.