ಎರಡು ತಳಿ ರಾಗಿ: ಇಳುವರಿ ಹೋಲಿಸುವುದು ಹೇಗೆ?

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಇದೇ ಮಾತು: “ಜಿಪಿಯು-28 ತಳಿಗಿಂತ ಎಂಆರ್-6 ತಳಿ ಎರಡು ಮೂಟೆ ಜಾಸ್ತಿ ಬಂತು.” ಮೂಟೆಗೆ ಎಷ್ಟು ಕಿಲೋ, ಕಾಳು ಎಷ್ಟು ಒಣಗಿತ್ತು ಎಂದು ಕೇಳಿದರೆ ಉತ್ತರವಿಲ್ಲ. ಇಂಥ ಲೆಕ್ಕವನ್ನು ನಂಬಿ ಮುಂದಿನ ಮುಂಗಾರಿನ ಬಿತ್ತನೆ ಬೀಜ ಆರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬಿತ್ತನೆ: ಒಂದೇ ಹೊಲ, ಒಂದೇ ದಿನ, ಒಂದೇ ಗೊಬ್ಬರ. ಪ್ರತಿ ತಳಿಯನ್ನು ಕನಿಷ್ಠ ಮೂರು ತಾಕುಗಳಲ್ಲಿ (ಹೊಲದ ತುಂಡುಗಳಲ್ಲಿ), ಒಂದಾದ ಮೇಲೊಂದರಂತೆ ಅದಲುಬದಲಾಗಿ ಬಿತ್ತಿ. ತಗ್ಗಿನಲ್ಲಿ ಒಂದು ತಳಿ, ದಿಬ್ಬದಲ್ಲಿ ಇನ್ನೊಂದು ಬಿತ್ತಿದರೆ ನೀವು ಅಳೆಯುವುದು ಮಣ್ಣನ್ನು, ತಳಿಯನ್ನಲ್ಲ.

ಕೊಯ್ಲು: ಜಿಪಿಯು-28 ಸುಮಾರು 110–115 ದಿನಕ್ಕೆ ಮಾಗುತ್ತದೆ, ಎಂಆರ್-6 ಅದಕ್ಕಿಂತ ತಡ. ಕೂಲಿಯಾಳು ಸಿಕ್ಕರೆಂದು ಎರಡನ್ನೂ ಒಂದೇ ದಿನ ಕೊಯ್ಯಬೇಡಿ. ಬದುವಿನ ಪಕ್ಕದ ಎರಡು ಸಾಲು ಬಿಡಿ. ಅಲ್ಲಿನ ಪೈರಿಗೆ ಬಿಸಿಲು, ಗಾಳಿ ಹೆಚ್ಚು, ತೆನೆಯೂ ದಪ್ಪ. ಪ್ರತಿ ತಾಕಿನ ನಡುವೆ ನಾಲ್ಕು ಗೂಟ ಹೊಡೆದು 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ 7 ಮೀಟರ್ 7 ಸೆಂಟಿಮೀಟರ್ ಬಂದರೆ ಚೌಕ ಸರಿಯಿದೆ. ಮೊಬೈಲ್ ಹಿಡಿದು ನಡೆದು ಜಾಗ ಅಳೆಯುವವರಿದ್ದಾರೆ. ಇಷ್ಟು ಚಿಕ್ಕ ಚೌಕಕ್ಕೆ ಅದು ಕೆಲಸಕ್ಕೆ ಬಾರದು, ಟೇಪನ್ನೇ ಹಿಡಿಯಿರಿ. ರಾಗಿಯ ನಡುನಡುವೆ ಬಿತ್ತಿದ ಅವರೆ, ತೊಗರಿಯ ಅಕ್ಕಡಿ ಸಾಲು ಚೌಕದೊಳಗೆ ಬರಕೂಡದು.

ಒಕ್ಕಣೆ: ಪ್ರತಿ ತಾಕಿನ ತೆನೆಗೆ ಬೇರೆ ಚೀಲ, ಒಳಗೊಂದು ಹೊರಗೊಂದು ಚೀಟಿ. ಕೋಲಿನಿಂದ ಬಡಿದು, ತೂರಿ, ಮೊರದಲ್ಲಿ ಕೇರಿ. ರಸ್ತೆಗೆ ಹರಡಿ ವಾಹನ ಹತ್ತಿಸುವುದು ಖಂಡಿತ ಬೇಡ: ತಳಿಗಳು ಬೆರೆಯುತ್ತವೆ, ಕಲ್ಲಿನ ಚೂರೂ ತೂಕಕ್ಕೆ ಸೇರುತ್ತದೆ.

ತೂಕ: ಎಲ್ಲರೂ ಎಡವುವುದು ಇಲ್ಲೇ. ತಡವಾಗಿ ಕೊಯ್ದ ತಳಿಯ ಕಾಳಿನಲ್ಲಿ ಇನ್ನೂ ಶೇ 18 ತೇವ, ಮೊದಲು ಕೊಯ್ದದ್ದರಲ್ಲಿ ಶೇ 12 ಎಂದುಕೊಳ್ಳಿ. ಹಸಿಯದು 6 ಕಿಲೋ, ಒಣಗಿದ್ದು 5 ಕಿಲೋ 750 ಗ್ರಾಂ ತೂಗಿತು. ಹಸಿಯದೇ ಗೆದ್ದಂತೆ ಕಾಣುತ್ತದೆ. ಈಗ ತೇವ ಕಳೆಯಿರಿ: 100ರಲ್ಲಿ 18 ಹೋದರೆ 82, 12 ಹೋದರೆ 88. 6ನ್ನು 82ರಿಂದ ಗುಣಿಸಿ 88ರಿಂದ ಭಾಗಿಸಿದರೆ ಸುಮಾರು 5 ಕಿಲೋ 590 ಗ್ರಾಂ. ಗೆದ್ದದ್ದು ಸೋತಿತು! ಎಕರೆಗೆ ಇಂಥ ಸುಮಾರು 162 ಚೌಕ, ಹಾಗಾಗಿ ಎಕರೆಗೆ ತಿಳಿಯಲು 162ರಿಂದ ಗುಣಿಸಿ. ಹಸಿಯದು ಸುಮಾರು 905 ಕಿಲೋ, ಒಣಗಿದ್ದು ಸುಮಾರು 931.

ತೇವಮಾಪಕವಿಲ್ಲದಿದ್ದರೆ ಎಲ್ಲ ಚೀಲಗಳ ಕಾಳನ್ನೂ ಒಂದೇ ಬಿಸಿಲಿನಲ್ಲಿ, ಅಷ್ಟೇ ತೆಳುವಾಗಿ, ಬೇರೆ ಬೇರೆ ಟಾರ್ಪಾಲಿನ ಮೇಲೆ ಹರವಿ. ದಿನವೂ ಸಂಜೆ ತೂಗಿ. ಎರಡು ಸಂಜೆ ತೂಕ ಇಳಿಯದಿದ್ದರೆ ಆಗ ಬರೆದುಕೊಳ್ಳಿ. ನನ್ನ ಮಟ್ಟಿಗೆ ಅಗ್ಗದ ಮಾಪಕಕ್ಕಿಂತ ಇದೇ ಮೇಲು. ಭತ್ತ, ಗೋಧಿಗೆ ಹೊಂದಿಸಿದ ಯಂತ್ರ ರಾಗಿಗೆ ತಪ್ಪು ಹೇಳುತ್ತದೆ. ತೂಗುಹಾಕುವ ಸ್ಪ್ರಿಂಗ್ ತಕ್ಕಡಿಯೂ ಬೇಡ. 100 ಗ್ರಾಂ ವ್ಯತ್ಯಾಸ ಅದರಲ್ಲಿ ಕಾಣುವುದೇ ಇಲ್ಲ, ಎಕರೆಗೆ ಅದು 16 ಕಿಲೋ.

ಕೊನೆಗೆ ಮೂರು ತಾಕುಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದೇ ತಳಿಯ ತಾಕುಗಳ ನಡುವಿನ ಅಂತರವೇ ಎರಡು ತಳಿಗಳ ಅಂತರಕ್ಕಿಂತ ದೊಡ್ಡದಿದ್ದರೆ ಯಾವುದನ್ನೂ ಕೈಬಿಡಬೇಡಿ, ಇನ್ನೊಂದು ಮುಂಗಾರಿಗೆ ಎರಡನ್ನೂ ಬಿತ್ತಿ. ಹಸು ಕಟ್ಟಿದವರು ಅದೇ ಚೌಕದ ಹುಲ್ಲನ್ನೂ ಒಣಗಿಸಿ ತೂಗಿಡಿ.