ಸಿಬಿಲ್ ಕೆಟ್ಟಿದ್ದಾಗ ನಾನು ಹೊಸ ಖಾತೆ ತೆರೆದದ್ದು

ನಮ್ಮದು ಹಾಸನ ತಾಲ್ಲೂಕಿನ ದುದ್ದ ಹೋಬಳಿ. ಮುಂಗಾರಿಗೆ ಆಲೂಗಡ್ಡೆ ಹಾಕುತ್ತೇವೆ, ಕೊಟ್ಟಿಗೆಯಲ್ಲಿ ಎರಡು ಹಸು ಇವೆ. ಎಪಿಎಂಸಿಯಲ್ಲಿ ಜಲಂಧರ್ ಬಿತ್ತನೆ ಗೆಡ್ಡೆ ಕೊಳ್ಳಲು, ಗೊಬ್ಬರಕ್ಕೆ, ಔಷಧಿಗೆ ಅಂತ ನನ್ನ ಹೆಸರಿನಲ್ಲೇ ಬೆಳೆ ಸಾಲ ತೆಗೆದಿದ್ದೆ. ಆ ವರ್ಷ ಜಡಿಮಳೆ ಹಿಡಿದು ಅಂಗಮಾರಿ ಬಂತು. ಎಲೆ, ಕಾಂಡ ಎಲ್ಲ ಕಪ್ಪಾಗಿ ಕೊಳೆತವು. ಮುಂದಿನ ಹಂಗಾಮಿನಲ್ಲೂ ಕೈಗೆ ದುಡ್ಡು ಬರಲಿಲ್ಲ. ಆಲೂಗಡ್ಡೆಯಂಥ ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಬಾಕಿ ಉಳಿದರೆ ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಲೆಕ್ಕಕ್ಕೆ ಹೋಗುತ್ತದೆ. ನನ್ನದೂ ಹೋಯಿತು, ಸಿಬಿಲ್ ಸ್ಕೋರೂ ಕೆಟ್ಟಿತು.

ಸಾಲ ತೀರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೊಂದರೆಯಾದದ್ದು ಹಾಲಿನ ಬಟವಾಡೆಯಿಂದ. ಡೈರಿ ದುಡ್ಡು ಬೀಳುತ್ತಿದ್ದದ್ದು ಸಾಲ ಕೊಟ್ಟ ಬ್ಯಾಂಕಿನ ಖಾತೆಗೇ. ಬಿದ್ದ ಕೂಡಲೇ ಸಾಲಕ್ಕೆ ಜಮಾ. ಬೂಸಾ, ಹಿಂಡಿಗೂ ಕಾಸಿಲ್ಲದೆ ಹಸು ಸಾಕುವುದು ಹೇಗೆ? ಹಸು ಇದ್ದರೆ ತಾನೇ ಸಾಲ ತೀರುವುದು? ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. ಸಾಲ ಬಾಕಿ ಇರುವವರ ಖಾತೆಯಿಂದ ಹಣ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗಿದೆ ಅಂದರು. ಇದೆ ಕೂಡ. ಹಾಗಾಗಿ ಬೇರೆ ಬ್ಯಾಂಕಿನಲ್ಲಿ ಖಾತೆ ಮಾಡಿಸಿ, ಮನೆಖರ್ಚು ಕಳೆದು ಉಳಿದದ್ದನ್ನು ನಾನೇ ಸಾಲಕ್ಕೆ ಕಟ್ಟುತ್ತೇನೆ ಅಂತ ತೀರ್ಮಾನಿಸಿದೆ. ಅದನ್ನು ಮ್ಯಾನೇಜರಿಗೂ ಬರೆದು ಕೊಟ್ಟೆ. ಮುಚ್ಚುಮರೆ ಮಾಡಲು ಮನಸ್ಸಿರಲಿಲ್ಲ.

ಡೈರಿಯಲ್ಲಿ ಹಾಲು ಹಾಕಲು ಬರುವವರೆಲ್ಲ ಒಂದೇ ಮಾತು ಹೇಳಿದರು: ‘ಸಿಬಿಲ್ ಹೋದವರಿಗೆ ಯಾವ ಬ್ಯಾಂಕೂ ಖಾತೆ ಕೊಡಲ್ಲ ಕಣಕ್ಕ.’ ಈ ಮಾತು ನಂಬಿ ಎಷ್ಟೋ ಹೆಂಗಸರು ತಮ್ಮ ದುಡಿಮೆಯನ್ನು ಬೇರೆಯವರ ಖಾತೆಗೆ ಹಾಕಿಸುತ್ತಿದ್ದಾರೆ. ಅದು ನೋಡಿದರೆ ಸಂಕಟವಾಗುತ್ತದೆ. ಸಿಬಿಲ್ ಸ್ಕೋರ್ ಅನ್ನುವುದು ನಾವು ಸಾಲ ಹೇಗೆ ತೀರಿಸಿದ್ದೇವೆ ಅಂತ ತೋರಿಸುವ, 300ರಿಂದ 900ರ ನಡುವಿನ ಒಂದು ಅಂಕಿ. ಸಾಲ ಕೊಡಬಹುದಾ ಬೇಡವಾ ಅಂತ ನೋಡುವುದಕ್ಕೆ ಅದು ಬೇಕು. ಉಳಿತಾಯ ಖಾತೆಯಲ್ಲಿ ದುಡ್ಡು ಇಡುವವರು ನಾವು, ಕೊಡುವವರು ಅವರಲ್ಲ. ಅಲ್ಲಿ ಕೇಳುವುದು ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ ಮಾತ್ರ. ಆಧಾರ್, ಪ್ಯಾನ್, ಫೋಟೋ ಕೊಟ್ಟರೆ ಸಾಕು. ಪ್ಯಾನ್ ಇಲ್ಲದವರು ಪ್ಯಾನ್ ಇಲ್ಲ ಅನ್ನುವ ಘೋಷಣೆಯ ಫಾರಂ ತುಂಬಿ ಕೊಡಬಹುದು.

ಹಾಸನದ ಒಂದು ಶಾಖೆಯಲ್ಲಿ ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, ‘ಅಮ್ಮಾ, ನಿಮ್ಮ ಮೇಲೆ ಸಾಲ ಬಾಕಿ ಇದೆಯಲ್ಲಾ, ಕಷ್ಟ ಆಗುತ್ತೆ’ ಅಂದ.

‘ನಾನು ಸಾಲ ಕೇಳುತ್ತಿಲ್ಲಪ್ಪ. ಉಳಿತಾಯ ಖಾತೆ ಕೇಳುತ್ತಿದ್ದೀನಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆದು ಕೊಡು’ ಅಂದೆ.

ಅವನು ಒಳಗೆ ಹೋಗಿ ಅಧಿಕಾರಿಯನ್ನು ಕರೆದು ತಂದ. ಅವರು ಅರ್ಜಿ ಕೊಟ್ಟರು. ಜಗಳ ಬೇಕಾಗಿಲ್ಲ. ಕಾರಣ ಬರೆದು ಕೊಡಿ ಅಂತ ಮೆತ್ತಗೆ ಕೇಳಿದರೆ ಅರ್ಧ ಕೆಲಸ ಆಗುತ್ತದೆ.

ಯಾವ ಖಾತೆ ಅಂತ ಕೇಳುವುದೂ ಮುಖ್ಯ. ಸುಮ್ನೆ ‘ಎಸ್‌ಬಿ ಖಾತೆ’ ಅಂದರೆ ಕೆಲವು ಬ್ಯಾಂಕುಗಳಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಡಬೇಕು, ಕಡಿಮೆಯಾದರೆ ದಂಡ. ಮೊದಲೇ ಕೈ ಕಟ್ಟಿದವರಿಗೆ ಅದೊಂದು ಹೊರೆ. ನಾನು ‘ಮೂಲ ಉಳಿತಾಯ ಖಾತೆ’ ಬೇಕು ಅಂತ ಕೇಳಿದೆ. 2012ರಲ್ಲೇ ರಿಸರ್ವ್ ಬ್ಯಾಂಕ್ ಇದನ್ನು ಎಲ್ಲ ಬ್ಯಾಂಕುಗಳಿಗೂ ಹೇಳಿದೆ. ಶೂನ್ಯ ಬ್ಯಾಲೆನ್ಸ್ ಇದ್ದರೂ ನಡೆಯುತ್ತದೆ, ಎಟಿಎಂ ಕಾರ್ಡಿಗೆ ದುಡ್ಡಿಲ್ಲ, ತಿಂಗಳಿಗೆ ನಾಲ್ಕು ಸಲ ಹಣ ತೆಗೆಯುವುದು ಉಚಿತ. ಅದೇ ಬ್ಯಾಂಕಿನಲ್ಲಿ ನಿಮಗೆ ಇನ್ನೊಂದು ಉಳಿತಾಯ ಖಾತೆ ಇದ್ದರೆ ಮಾತ್ರ 30 ದಿನದೊಳಗೆ ಅದನ್ನು ಮುಚ್ಚಬೇಕು.

ಖಾತೆ ಆದ ಮೇಲೆ ಬಹಳ ಜನ ಎಡವುವುದು ಆಧಾರ್ ಜೋಡಣೆಯಲ್ಲಿ. ಹೊಸ ಪಾಸ್‌ಬುಕ್ ಝೆರಾಕ್ಸ್ ಡೈರಿ ಸೆಕ್ರೆಟರಿಗೆ ಕೊಟ್ಟರೆ ಬಟವಾಡೆ ಹೊಸ ಖಾತೆಗೆ ಬರುತ್ತದೆ. ಆದರೆ ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ, ಗೃಹಲಕ್ಷ್ಮಿಯ 2,000 ರೂಪಾಯಿ ಹಾಗಲ್ಲ. ಅವು ಆಧಾರ್ ಯಾವ ಬ್ಯಾಂಕಿಗೆ ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬರುವ ವ್ಯವಸ್ಥೆ) ಜೋಡಣೆಯಾಗಿದೆಯೋ ಅಲ್ಲಿಗೇ ಹೋಗುತ್ತವೆ. ಒಂದು ಸಲಕ್ಕೆ ಒಂದೇ ಬ್ಯಾಂಕು. ಕೆವೈಸಿಗೆ ಆಧಾರ್ ಕೊಟ್ಟರೆ ಸಾಲದು. ಡಿಬಿಟಿ ಹಣ ಈ ಹೊಸ ಖಾತೆಗೇ ಬರಲಿ ಅಂತ ಒಪ್ಪಿಗೆ ಪತ್ರಕ್ಕೆ ಬೇರೆಯಾಗಿ ಸಹಿ ಹಾಕಿಕೊಡಬೇಕು. ಜೋಡಣೆ ಆಗಿದೆಯಾ ಅಂತ ಮೈ ಆಧಾರ್ ವೆಬ್‌ಸೈಟಿನಲ್ಲಿ ಮಗಳು ಫೋನಿನಲ್ಲೇ ನೋಡಿ ಹೇಳಿದಳು.

ಇಷ್ಟಾದ ಮೇಲೆ ನನ್ನ ಸಾಲಗಳ ವಿವರವಿರುವ ಕ್ರೆಡಿಟ್ ರಿಪೋರ್ಟ್ ತೆಗೆಸಿದೆ. ನಮ್ಮಲ್ಲಿ ಎಲ್ಲದಕ್ಕೂ ಸಿಬಿಲ್ ಅಂತಲೇ ಹೆಸರು. ನಿಜವಾಗಿ ಈ ರಿಪೋರ್ಟ್ ಕೊಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತ. ‘ಸಿಬಿಲ್ ಕ್ಲಿಯರ್ ಮಾಡಿಸಿಕೊಡುತ್ತೇವೆ’ ಅಂತ ಸಾವಿರಗಟ್ಟಲೆ ಕೇಳುವವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

ನನ್ನ ರಿಪೋರ್ಟಿನಲ್ಲಿ ಬೆಳೆ ಸಾಲದ ಜೊತೆಗೆ ಸ್ಕೂಟಿ ಸಾಲವೂ ಬಾಕಿ ಅಂತ ಇತ್ತು. ಅದನ್ನು ತೀರಿಸಿ ವರ್ಷಗಳೇ ಆಗಿದ್ದವು. ಎನ್‌ಒಸಿ (ಸಾಲ ತೀರಿದೆ ಅಂತ ಸಾಲ ಕೊಟ್ಟವರು ಕೊಡುವ) ಪತ್ರ ಬೀರುವಿನಲ್ಲಿತ್ತು. ಅದರ ಫೋಟೋ ಹಾಕಿ ಆನ್‌ಲೈನ್‌ನಲ್ಲಿ ದೂರು ಕೊಟ್ಟೆವು, ಸರಿಯಾಯಿತು. ಇಂಥ ದೂರನ್ನು 30 ದಿನದಲ್ಲಿ ಬಗೆಹರಿಸಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಇದೆ.

ಬೆಳೆ ಸಾಲಕ್ಕೆ ಒಂದೇ ಸಲಕ್ಕೆ ಕಡಿಮೆ ಕಟ್ಟಿ ಮುಗಿಸಿ ಅಂತ ಬ್ಯಾಂಕಿನವರು ಹೇಳಿದ್ದರು. ನಾನು ಒಪ್ಪಲಿಲ್ಲ. ಹಾಗೆ ಮುಗಿಸಿದರೆ ರಿಪೋರ್ಟಿನಲ್ಲಿ ‘ಸೆಟಲ್ಡ್’ ಅಂತ ಬರುತ್ತದೆ. ಅದನ್ನು ನೋಡಿದವರು ಮುಂದೆ ಸಾಲ ಕೊಡಲು ಹಿಂಜರಿಯುತ್ತಾರೆ. ಪೂರ್ತಿ ಕಟ್ಟಿದರೆ ‘ಕ್ಲೋಸ್ಡ್’. ಕೈಯಲ್ಲಿ ಆಗದವರು ಸೆಟಲ್‌ಮೆಂಟ್ ಮಾಡಿಕೊಳ್ಳುವುದು ತಪ್ಪಲ್ಲ. ನಮಗೆ ಇನ್ನೂ ಬೇಸಾಯ ಮಾಡುವುದಿದೆ, ಮುಂದೆಯೂ ಬೆಳೆ ಸಾಲ ಬೇಕು. ಹಾಗಾಗಿ ಬಟವಾಡೆ ಬಂದಾಗಲೆಲ್ಲ ಹೊಸ ಖಾತೆಯಿಂದ ಸ್ವಲ್ಪ ಸ್ವಲ್ಪ ಕಟ್ಟುತ್ತಾ ಬಂದಿದ್ದೇನೆ. ಕಟ್ಟಿದ ಪ್ರತಿ ರಸೀದಿಯೂ ಆ ಎನ್‌ಒಸಿ ಪತ್ರದ ಜೊತೆಗೇ ಇದೆ. ಹೊಸ ಖಾತೆಯಲ್ಲೇ ಒಂದು ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕೂಡ ಶುರು ಮಾಡಿದ್ದೇನೆ. ಹಸುವಿಗೆ ಕಾಯಿಲೆ ಬಂದು ತುರ್ತಾಗಿ ದುಡ್ಡು ಬೇಕಾದರೆ ಠೇವಣಿ ಮೇಲೆ ಸಾಲ ಕೇಳಬಹುದು. ಅದಕ್ಕೆ ಆ ಠೇವಣಿಯೇ ಭದ್ರತೆ.