ಬಾದಾಮಿಯಲ್ಲಿ ಬಂಡೆ ಹತ್ತುವ ಮುಂಚೆ ಕೆಳಗೆ ನಿಂತು ಹಗ್ಗ ಹಿಡಿಯುವುದನ್ನು ಕಲಿಯಿರಿ

ಬಾದಾಮಿಯ ಕೆಂಪು ಬಂಡೆಗಳಿಗೆ ಗುಂಪು ಕಟ್ಟಿಕೊಂಡು ಬರುವ ಗೆಳೆಯರನ್ನು ನೋಡುತ್ತಲೇ ಇರುತ್ತೇನೆ. ಎಲ್ಲರಿಗೂ ಹತ್ತುವ ಆಸೆ. ಹತ್ತುವವನು ಜಾರಿದರೆ ತಡೆಯಲು ಕೆಳಗೆ ಹಗ್ಗ ಹಿಡಿಯುವ ಕೆಲಸ ಮಾತ್ರ ಯಾರಿಗೂ ಬೇಡ. ಕೊನೆಗೆ ಅದು ಗುಂಪಿನ ಮಾತಿಲ್ಲದ ಹುಡುಗನ ಪಾಲಿಗೆ ಬರುತ್ತದೆ, ಅವನೋ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ರೀಲ್ಸ್ ತೆಗೆಯುತ್ತಿರುತ್ತಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1, ದಿನ ಮತ್ತು ಜಾಗ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಏಪ್ರಿಲ್‌ನಲ್ಲಿ ಬಂಡೆ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಮಳೆ ಬಿದ್ದಿದ್ದರೆ ಒಂದೆರಡು ದಿನ ಬಿಸಿಲು ಬೀಳಲಿ. ಇದು ಮರಳುಗಲ್ಲು, ನೀರು ಕುಡಿದರೆ ನೀವು ಹಿಡಿದ ಅಂಚೇ ಮುರಿದು ಕೈಗೆ ಬರಬಹುದು. ಚಾಲುಕ್ಯರು ಗುಹೆ ಕೊರೆದದ್ದೂ ಇದೇ ಕಲ್ಲಿನಲ್ಲಿ, ಮೂರನೇ ಗುಹೆಯಲ್ಲಿ 578ರ ಶಾಸನ ಇದೆ. ಆ ಗುಹೆ, ಗುಡಿ, ಕೋಟೆ ಗೋಡೆಗಳ ಹತ್ತಿರ ಹಗ್ಗ ಬಿಚ್ಚಲೇಬೇಡಿ. ಹತ್ತುವುದಕ್ಕೆಂದೇ ಬೋಲ್ಟ್ ಹೊಡೆದ ಬಂಡೆಗಳು ಬೇರೆ ಇವೆ. ಅವುಗಳನ್ನು ಬಲ್ಲ, ತರಬೇತಿ ಪಡೆದ ಒಬ್ಬರು ಜೊತೆಗಿರಲೇಬೇಕು. ಮೇಲೆ ಆಂಕರ್, ಅಂದರೆ ಹಗ್ಗ ಹಾಯಿಸುವ ಗಟ್ಟಿ ಆಧಾರ, ಹಾಕುವುದು ಅವರ ಕೆಲಸ, ಈ ಲೇಖನ ಓದಿಕೊಂಡು ನೀವು ಕೈ ಹಾಕಬೇಡಿ. ಹೆಜ್ಜೇನು ಕಟ್ಟಿದ್ದು ಕಂಡಿತಾ? ಆ ಬಂಡೆಯೇ ಬೇಡ.

ಹಂತ 2, ಸಾಮಾನು. ಹೆಲ್ಮೆಟ್, ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ), ಬಿಗಿ ಶೂ, ಬಿಲೇ ಡಿವೈಸ್ (ಹಗ್ಗಕ್ಕೆ ಬ್ರೇಕ್ ಹಾಕುವ ಸಾಧನ), ಸ್ಕ್ರೂ ಇರುವ ಕ್ಯಾರಬೀನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ), 60 ಮೀಟರ್ ಡೈನಮಿಕ್ ಹಗ್ಗ. ಬಿದ್ದಾಗ ಡೈನಮಿಕ್ ಹಗ್ಗ ಸ್ವಲ್ಪ ಹಿಗ್ಗಿ ಏಟನ್ನು ತಾನು ತಿನ್ನುತ್ತದೆ. ಟ್ರ್ಯಾಕ್ಟರ್ ಟ್ರೇಲರ್‌ಗೆ ಕಟ್ಟುವ ನೈಲಾನ್ ಹಗ್ಗ ಎಷ್ಟೇ ದಪ್ಪ ಇರಲಿ, ಈ ಕೆಲಸಕ್ಕೆ ಆಗುವುದಿಲ್ಲ. ಹಾಗೇ ಕೀಚೈನ್‌ಗೆ ಹಾಕುವ ಬಣ್ಣದ ಕೊಂಡಿಗಳು. ನಿಜವಾದ ಕ್ಯಾರಬೀನರ್ ಮೈಮೇಲೆ ಎಷ್ಟು ಕಿಲೋನ್ಯೂಟನ್ ಬಲ ತಡೆಯುತ್ತದೆ ಅಂತ ಒತ್ತಿರುತ್ತದೆ, ಉದ್ದಕ್ಕೆ 20ಕ್ಕಿಂತ ಕಡಿಮೆ ಇದ್ದರೆ ಕೊಳ್ಳಬೇಡಿ. ನೀರು ಜಾಸ್ತಿ, ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ಮಂಗಗಳಿಗೆ ಕಾಣದ ಹಾಗೆ ಇಡಿ.

ಹಂತ 3, ಗಂಟು. ಎಂಟರ ಆಕಾರದ ಗಂಟು, ಹಾರ್ನೆಸ್‌ನ ಎರಡೂ ಕುಣಿಕೆಗಳ ಮೂಲಕ. ತುದಿ ಒಂದು ಗೇಣು ಉಳಿಯಲಿ. ಹತ್ತುವವನ ಗಂಟನ್ನು ಹಿಡಿಯುವವನು ನೋಡಬೇಕು, ಹಿಡಿಯುವವನ ಕ್ಯಾರಬೀನರ್ ಸ್ಕ್ರೂವನ್ನು ಹತ್ತುವವನು ನೋಡಬೇಕು. ಪ್ರತಿ ಸಲವೂ.

ಹಂತ 4, ಹಗ್ಗ ಹಿಡಿಯುವುದು. ಕೆಡುವುದು ಇಲ್ಲೇ. ಹಗ್ಗ ಹತ್ತುವವನಿಂದ ಮೇಲಿನ ಆಂಕರ್‌ಗೆ ಹೋಗಿ, ಅಲ್ಲಿಂದ ಇಳಿದು, ಕ್ಯಾರಬೀನರ್‌ನಿಂದ ನಿಮ್ಮ ಹಾರ್ನೆಸ್‌ಗೆ ಸಿಕ್ಕಿಸಿದ ಡಿವೈಸ್ ಒಳಗೆ ಹಾದು ಬಲಗೈಗೆ ಬರುತ್ತದೆ. ಅವನು ಒಂದು ಹೆಜ್ಜೆ ಹತ್ತಿದರೆ ಅಷ್ಟು ಹಗ್ಗ ಸಡಿಲಾಗುತ್ತದೆ. ಎಡಗೈಯಿಂದ ಕೆಳಕ್ಕೆ ಜಗ್ಗಿ, ಬಲಗೈಯಿಂದ ಡಿವೈಸ್ ಆಚೆ ಎಳೆದುಕೊಳ್ಳಿ, ಎಳೆದ ಕೂಡಲೇ ಬಲಗೈ ಕೆಳಗೆ ತೊಡೆಯ ಪಕ್ಕಕ್ಕೆ ಬರಲಿ. ಈಗ ಬಲಗೈ ಡಿವೈಸ್‌ನಿಂದ ದೂರ ಇದೆ, ಮತ್ತೆ ಹತ್ತಿರ ತರಬೇಕು. ಜನ ಇಲ್ಲಿ ಏನು ಮಾಡುತ್ತಾರೆ ಅಂದರೆ, ಬಲಗೈ ಬಿಟ್ಟು ಟಕ್ಕನೆ ಮೇಲೆ ಹಿಡಿಯುತ್ತಾರೆ. ಅರ್ಧ ಸೆಕೆಂಡೂ ಆಗಲ್ಲ ಬಿಡಿ ಅನ್ನುತ್ತಾರೆ, ಆದರೆ ಅವನು ಆ ಅರ್ಧ ಸೆಕೆಂಡಿನಲ್ಲೇ ಜಾರಿದರೆ ಹಗ್ಗ ಸುಯ್ ಎಂದು ಓಡುತ್ತದೆ, ಓಡುವ ಹಗ್ಗವನ್ನು ಹಿಡಿಯಲು ಹೋದ ಅಂಗೈ ಸುಲಿಯುತ್ತದೆ. ಸರಿಯಾದ ಕ್ರಮ ಇಷ್ಟು: ಎಡಗೈಯನ್ನು ತಂದು ಬಲಗೈಯ ಕೆಳಗೆ ಅದೇ ಹಗ್ಗ ಹಿಡಿಯಿರಿ, ಬಲಗೈಯನ್ನು ಬಿಡದೆ ಹಗ್ಗದ ಮೇಲೇ ಜಾರಿಸುತ್ತ ಡಿವೈಸ್ ಹತ್ತಿರ ತನ್ನಿ, ಆಮೇಲೆ ಎಡಗೈ ವಾಪಸ್ ಮೇಲಕ್ಕೆ. ಬಲಗೈ ಹಗ್ಗ ಬಿಡುವ ಗಳಿಗೆಯೇ ಬರಬಾರದು. ನೊಣ ಕೂತರೂ ಎಡಗೈಯಿಂದ ಓಡಿಸಿ.

ಮೊದಲು ನೆಲದ ಮೇಲೆ ಕಲಿಯಿರಿ. ಬೇವಿನ ಮರದ ಹಿಂದಿನಿಂದ ಹಗ್ಗ ಹಾಯಿಸಿ, ಗೆಳೆಯ ಮರದ ಕಡೆ ನಡೆದು ಬರಲಿ, ನೀವು ಎಳೆದುಕೊಳ್ಳುತ್ತಿರಿ. ಇಪ್ಪತ್ತು ಸಲ. ಹೊಸಬರು ಹಿಡಿದಾಗ ಮೂರನೆಯವರು ಹಿಂದೆ ನಿಂತು ಹಗ್ಗದ ಬಾಲ ಹಿಡಿದಿರಲಿ. ಬಂಡೆಗೆ ಹತ್ತಿರವೇ ನಿಲ್ಲಿ, ಸ್ವಲ್ಪ ಪಕ್ಕಕ್ಕೆ. ದೂರ ನಿಂತರೆ ಅವನು ಬಿದ್ದ ಕೂಡಲೇ ನಿಮ್ಮನ್ನು ದರದರ ಎಳೆದು ಬಂಡೆಗೆ ಬಡಿಯುತ್ತದೆ.

ಹಂತ 5, ಮಾತು. ನಮ್ಮ ಗುಂಪಿನಲ್ಲಿ ‘ಬಿಡು’ ಎಂಬ ಪದವನ್ನೇ ನಿಷೇಧ ಮಾಡಿದ್ದೇವೆ. ಒಮ್ಮೆ ಮೇಲಿದ್ದವನು ‘ಬಿಡಲೇ ಸ್ವಲ್ಪ’ ಅಂದ, ಅವನಿಗೆ ಬೇಕಿದ್ದದ್ದು ಒಂದು ಗೇಣು ಸಡಿಲ, ಕೆಳಗಿದ್ದವನು ಹಗ್ಗವನ್ನೇ ಬಿಟ್ಟ. ನೆಲ ಮೂರಡಿ ಕೆಳಗಿತ್ತು, ಸೊಂಟ ನೋವಿಗೆ ಮುಗಿಯಿತು. ಈಗ ಮೂರೇ ಪದ: ಬಿಗಿ, ಸಡಿಲ, ಇಳಿಸು. ಮುಂದೆ ಹೆಸರು ಸೇರಿಸಿ ಕೂಗಿ, ಪಕ್ಕದ ಬಂಡೆಯಲ್ಲೂ ಯಾರೋ ಹತ್ತುತ್ತಿರುತ್ತಾರೆ.

ಹಂತ 6, ಇಳಿಸುವುದು. ಎರಡೂ ಕೈ ಡಿವೈಸ್ ಕೆಳಗಿನ ಹಗ್ಗದ ಮೇಲೆ, ನಿಧಾನ. 60 ಮೀಟರ್ ಹಗ್ಗ ಹೋಗಿ ಬರಬೇಕಲ್ವಾ, ಹಾಗಾಗಿ ಅದು 30 ಮೀಟರ್ ಎತ್ತರಕ್ಕಷ್ಟೇ ಸಾಲುತ್ತದೆ. ಏನೇ ಇರಲಿ, ಹಗ್ಗದ ಕೊನೆಗೆ ಹತ್ತುವ ಮುಂಚೆಯೇ ಒಂದು ಗಂಟು ಹಾಕಿರಿ. ತುದಿ ಡಿವೈಸ್‌ನಿಂದ ನುಣುಚಿಕೊಳ್ಳುವುದಿಲ್ಲ.

ಹಗ್ಗವನ್ನು ಮರಳಿನ ಮೇಲೆ ಹಾಕಬೇಡಿ, ಹಳೇ ತಾಡಪತ್ರಿ ಹಾಸಿ. ಮನೆಗೆ ಬಂದು ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನನ್ನ ಮೊದಲ ಹಗ್ಗವನ್ನು ಮಾಳಿಗೆ ಮೇಲೆ ಬಿಟ್ಟು ಮರೆತಿದ್ದೆ, ನಮ್ಮವ್ವ ಅದನ್ನು ಎರಡು ಕಂಬಕ್ಕೆ ಕಟ್ಟಿ ಒಂದು ಬೇಸಿಗೆ ಪೂರ್ತಿ ಸೀರೆ ಒಣಹಾಕಿದಳು. ಅಷ್ಟು ಬಿಸಿಲು ತಿಂದ ಹಗ್ಗ ಹತ್ತಲು ಬರುವುದಿಲ್ಲ. ಅದು ಈಗಲೂ ಅಲ್ಲೇ ಇದೆ, ಸೀರೆಗಳ ಜೊತೆ.